ಪುಟ್ಟಿಗೆ ಬೇಕಾದ ಮುಖ

ಕಟಿಂಗ್ ಶಾಪಿನವನಿಗೆ ಬೀದಿಯವರು ಇಟ್ಟ ಹೆಸರು ಮಾತಿನಮಲ್ಲ. ಕೆಲವರ ಬಾಯಲ್ಲಿ ಬರೀ ಮಲ್ಲ. ಗಿರಾಕಿ ಕುರ್ಚಿಯಲ್ಲಿ ಕೂತರೆ ಸಾಕು, ಕತ್ತರಿಗಿಂತ ಮೊದಲು ಇವನ ಬಾಯಿ ಶುರುವಾಗುತ್ತಿತ್ತು. ಎಂಥ ಗುಮ್ಮನಗುಸಕನೂ ನಗುತ್ತಲೇ ಎದ್ದು ಹೋಗಬೇಕು.

ಆದರೆ ಅವನ ಸ್ವಂತ ಮಗಳು, ಆರು ತಿಂಗಳ ಪುಟ್ಟಿ, ಅವನು ಎತ್ತಿಕೊಂಡ ಕೂಡಲೇ ಸೂರು ಹಾರಿಹೋಗುವಂತೆ ಅಳುತ್ತಿದ್ದಳು.

ಇಷ್ಟು ದಿನ ಹೇಗೋ ನಡೆಯಿತು. ಈಗ ಪುಟ್ಟಿಯ ಅಮ್ಮ ಬೇಕರಿ ಕೆಲಸಕ್ಕೆ ಮರಳಬೇಕು. ನಸುಕಿನಲ್ಲೇ ಹೊರಡುವ ಪಾಳಿ. ಅವಳು ಬರುವತನಕ ಅಪ್ಪನೇ ಮಗುವನ್ನು ನೋಡಿಕೊಂಡು ಆಮೇಲೆ ಅಂಗಡಿ ತೆರೆಯಬೇಕು. ಮನೆಯಲ್ಲಿ ಮಲ್ಲನ ತಾಯಿ ಇದ್ದರೂ ಅಜ್ಜಿಗೆ ಮಂಡಿನೋವು, ಎತ್ತಿಕೊಳ್ಳಲು ಆಗದು.

"ಇವಳಿಗೆ ನಾನಂದ್ರೆ ಆಗಲ್ಲ ಕಣೇ," ಎಂದ ಮಲ್ಲ, ಮುಖ ಸಪ್ಪಗೆ ಮಾಡಿಕೊಂಡು.

"ಹಾಗಾದ್ರೆ ನಾನು ಕೆಲಸ ಬಿಟ್ಟುಬಿಡಲಾ?" ಎಂದಳು ಹೆಂಡತಿ. ಆ ಕೆಲಸವೆಂದರೆ ಅವಳಿಗೆ ಪ್ರಾಣ.

ಅಜ್ಜಿ ಮಂಚದಿಂದಲೇ ತೀರ್ಪು ಕೊಟ್ಟರು. "ಅತ್ತಾಗೆಲ್ಲ ಎತ್ಕೊಂಡ್ರೆ ಹೀಗೇ ಆಗೋದು. ಅಳಲಿ ಬಿಡು. ಕೂಸಿಗೆ ಏನು ತಿಳಿಯುತ್ತೆ?"

ಪಕ್ಕದ ಮನೆಯ ನರ್ಸಕ್ಕ ಡ್ಯೂಟಿ ಮುಗಿಸಿ ಬಂದವಳು ಅಳು ಕೇಳಿ ಒಳಗೆ ಬಂದಳು. "ಎಲ್ಲಿ ಮಲ್ಲಣ್ಣ, ನೀವು ಹೇಗೆ ಎತ್ಕೊಳ್ತೀರಿ, ತೋರಿಸಿ."

ಮಲ್ಲ ಮಗಳ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡು ಗೋಡೆಯ ಕನ್ನಡಿ ಮುಂದೆ ನಿಂತ. "ಪುಟ್ಟೀ, ಯಾರದು?" ಎಂದು ಕನ್ನಡಿಯೊಳಗಿನ ಮಗುವನ್ನು ಮಾತಾಡಿಸಿದ. ಪುಟ್ಟಿ ಕಾಲು ಝಾಡಿಸಿ ಕಿರುಚಿದಳು.

ನರ್ಸಕ್ಕನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಅಣ್ಣಾ, ಇವಳೇನು ಕಟಿಂಗಿಗೆ ಬಂದಿದ್ದಾಳಾ? ಗಿರಾಕಿ ಹಿಂದೆ ನಿಂತು ಕನ್ನಡೀಲಿ ಮಾತಾಡಿಸೋ ಹಾಗೆ ಮಾತಾಡಿಸ್ತಿದ್ದೀರಲ್ಲ! ಇವಳಿಗೆ ನಿಮ್ಮ ಮುಖ ಬೇಕು. ಇತ್ತ ತಿರುಗಿಸಿಕೊಳ್ಳಿ."

ಮಲ್ಲ ನಾಚುತ್ತಲೇ ತಿರುಗಿಸಿಕೊಂಡ.

"ಕಣ್ಣು ನೋಡಿ ಮೆಲ್ಲಗೆ ಮಾತಾಡಿ. ಅವಳು 'ಊಂ' ಅಂದ್ರೆ ನೀವೂ 'ಊಂ' ಅನ್ನಿ. ಮುಖ ಆಚೆ ತಿರುಗಿಸಿದ್ರೆ ಸಾಕಾಗಿದೆ ಅಂತ, ಸ್ವಲ್ಪ ಬಿಡಿ. ಸ್ನಾನ ಮಾಡಿಸೋದು, ಬಟ್ಟೆ ಬದಲಾಯಿಸೋದು ಎಲ್ಲ ನೀವೂ ಮಾಡಿ."

"ಎತ್ತಿ ಎತ್ತಿ ಚಟ ಹತ್ತಿದ್ರೆ?" ಅಜ್ಜಿ ಬಿಡಲಿಲ್ಲ.

"ಅಳೋದೇ ಅವಳ ಮಾತು ಅಜ್ಜೀ. ಕರೆದಾಗ ಯಾರಾದ್ರೂ ಬರ್ತಾರೆ ಅಂತ ಗೊತ್ತಾದ್ರೆ ಮಗುಗೆ ಧೈರ್ಯ ಬರುತ್ತೆ. ನೀವು ಕರೆದಾಗ ಯಾರೂ ಓ ಅನ್ನದಿದ್ರೆ ನಿಮಗೆ ಹೇಗಾಗುತ್ತೆ?"

ಅಜ್ಜಿ ಮಗನ ಕಡೆ ನೋಡಿ, "ದಿನಾ ಅದೇ ತಾನೇ ಆಗ್ತಿರೋದು," ಎಂದು ಗೊಣಗಿದರು.

"ಒಂದೇ ದಿನಕ್ಕೆ ಆಗಲ್ಲ ಅಣ್ಣಾ," ಎಂದಳು ನರ್ಸಕ್ಕ ಹೊರಡುತ್ತ. "ಬಾಂಧವ್ಯ ದಿನಾ ಸ್ವಲ್ಪ ಸ್ವಲ್ಪವೇ ಬೆಳೆಯೋದು."

ಮೊದಮೊದಲು ಮಲ್ಲ ಒದ್ದಾಡಿದ. ಕನ್ನಡಿಯಿಲ್ಲದೆ ಅವನ ಬಾಯಿಗೆ ಬೀಗ ಬಿದ್ದಂತಾಗಿತ್ತು. ಆಮೇಲೆ ಬೀದಿಯ ಸುದ್ದಿಯನ್ನೆಲ್ಲ ಮಗಳಿಗೇ ಹೇಳತೊಡಗಿದ. ಅವಳು ಕಣ್ಣರಳಿಸಿ ಕೇಳಿದಳು, ಅವನ ಮೀಸೆ ಹಿಡಿದು ಎಳೆದಳು. ಅಮ್ಮ ಕೆಲಸಕ್ಕೆ ಹೋದ ಮೊದಲ ದಿನ ಅತ್ತಳು, ನಿಜ. ಮಲ್ಲ ಎದೆಗಪ್ಪಿಕೊಂಡು ಕೂತ. ಅವಳು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾದಳು.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ, ಅಂಗಡಿ ಯಾವಾಗ ತೆರೆಯುತ್ತದೆಂದು ಕೇಳಲು ಮನೆಗೆ ಬಂದ ಹೊಸ ಗಿರಾಕಿ "ಬಾ ಕಂದಾ" ಎಂದು ಪುಟ್ಟಿಯನ್ನು ಎತ್ತಿಕೊಂಡ. ಪುಟ್ಟಿಯ ತುಟಿ ಸೊಟ್ಟಗಾಯಿತು. ಅಳುತ್ತ ಸುತ್ತ ಹುಡುಕಿದಳು. ಮಲ್ಲ ಕಂಡದ್ದೇ ಎರಡೂ ಕೈ ಚಾಚಿದಳು.

"ಅಯ್ಯೋ, ಅಳಿಸಿಬಿಟ್ಟೆನಲ್ಲ," ಎಂದು ಗಿರಾಕಿ ಪೇಚಾಡಿದ.

ಮಲ್ಲ ಅವಳನ್ನು ತೆಗೆದುಕೊಂಡ. ಅವಳು ಅವನ ಕತ್ತಿನಲ್ಲಿ ಮುಖ ಹುದುಗಿಸಿ ಸುಮ್ಮನಾದಳು. ಬೀದಿಗೆಲ್ಲ ಮಾತು ಹಂಚುವವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಕಣ್ಣು ತುಂಬಿತ್ತು.

ಕೊನೆಗೆ ಅಜ್ಜಿಯೇ ಗಿರಾಕಿಗೆ ಹೇಳಿದರು: "ಬೇಜಾರು ಮಾಡ್ಕೋಬೇಡಪ್ಪಾ. ನಮ್ಮ ಪುಟ್ಟಿಗೆ ಅವರಪ್ಪನೇ ಬೇಕು."

ಅಪ್ಪಂದಿರೇ, ಅಮ್ಮಂದಿರೇ, ಅಜ್ಜ ಅಜ್ಜಿಯರೇ, ಮಾತು ಬರುವ ಮೊದಲೇ ಮಗು ನಿಮ್ಮ ಮುಖ, ದನಿ, ಮೈಯ ಬಿಸುಪನ್ನು ಗುರುತು ಹಿಡಿಯುತ್ತದೆ. ಅತ್ತಾಗ ಓಗೊಡಿ. ಎಷ್ಟು ಸಂತೈಸಿದರೂ ಅಳು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಓದಿದ್ದು ಸಾಕು. ಈಗ ಈ ಹಾಳೆ ಕೆಳಗಿಟ್ಟು, ನಿಮ್ಮ ಮನೆಯ ಕೂಸಿನ ಕಡೆ ತಿರುಗಿ.