ಮುದ್ದೆಗೆ ಸ್ಪೂನು

"...ಆದ್ದರಿಂದ ಚೆರ್ನೋಬಿಲ್ ಕಲಿಸಿದ ಪಾಠ..." ಎಂದು ಯೋಗಾನಂದ ಒಂದು ಕ್ಷಣ ನಿಲ್ಲಿಸಿದ. ಪ್ರತಿ ಸುರಕ್ಷತಾ ದಿನಕ್ಕೂ ಇದೇ ಜಾಗದಲ್ಲಿ ನಿಲ್ಲಿಸುವುದು ಅವನ ರೂಢಿ. "ಬಲ್ಲವರೇ ಸುರಕ್ಷಾ ವ್ಯವಸ್ಥೆಗಳನ್ನು ಕೈಯಾರೆ ನಿಲ್ಲಿಸಿದ್ದರು. ತಪ್ಪು ಕಂಡವನು ಬಾಯಿಬಿಡಬೇಕು. ಅಷ್ಟೆ."

ಚಪ್ಪಾಳೆ ಬಿತ್ತು. ಹಿಂದೆ ಕೂತವನೊಬ್ಬ ಆಕಳಿಸಿದ.

ರಾಮನಗರದಾಚೆಯ ಆ ಶೆಡ್ಡಿನಲ್ಲಿ ಪೈಪುಗಳ ಬೆಸುಗೆಯನ್ನು ಪರೀಕ್ಷಿಸುತ್ತಾರೆ. ವಿಕಿರಣ ಸೂಸುವ ಸಣ್ಣ ಗುಳಿಗೆಯೊಂದನ್ನು ಪೆಟ್ಟಿಗೆಯಿಂದ ಕೊಳವೆಗೆ ದೂಡಿ, ಲೋಹದ ಒಳಬಿರುಕಿನ ಫೋಟೋ ತೆಗೆಯುವ ಕೆಲಸ. ಮೈಗೆಷ್ಟು ವಿಕಿರಣ ತಾಗಿತೆಂದು ಅಳೆಯಲು ಎದೆಗೆ ಸಿಕ್ಕಿಸಬೇಕಾದ ಬಿಲ್ಲೆಗಳು ಆಫೀಸಿನಲ್ಲಿ, ದೇವರ ಪಟದ ಮೊಳೆಗೆ ನೇತಾಡುತ್ತಿದ್ದವು. ಬಿಲ್ಲೆಯ ಅಳತೆ ಮಿತಿ ದಾಟಿದರೆ ಕೆಲಸದಿಂದ ದೂರವಿಡುತ್ತಾರೆ. ಹಾಗಾಗಿ ಯಾರೂ ಹಾಕಿಕೊಳ್ಳುತ್ತಿರಲಿಲ್ಲ. ಸುರಕ್ಷಾಧಿಕಾರಿ ಯೋಗಾನಂದ ದಿನಾ ಬಂದು ಆ ಪಟಕ್ಕೆ ಕೈಮುಗಿಯುತ್ತಿದ್ದ, ಬಿಲ್ಲೆಗಳನ್ನು ಮಾತ್ರ ನೋಡುತ್ತಿರಲಿಲ್ಲ.

ಊಟಕ್ಕೆ ಕೂತಾಗ, ಗುಳಿಗೆ ದೂಡುವ ಕೆಲಸದ ಮಧುಕುಮಾರ್ ಸ್ಪೂನಿನಿಂದ ಮುದ್ದೆ ಕೊರೆಯುತ್ತಿದ್ದ.

"ಏನ್ಲಾ, ಮುದ್ದೆಗೆ ಸ್ಪೂನಾ? ಕುದೂರು ಬುಟ್ಟು ಪ್ಯಾಟೆಯೋನಾಗ್ಬುಟ್ಟೆ ಕಣ್ಲಾ!" ಎಂದ ಕೆಂಪಯ್ಯ. ಎಲ್ಲರೂ ನಕ್ಕರು. ಮಧುವೂ ನಕ್ಕ.

ಯೋಗಾನಂದನ ಕಣ್ಣು ಮಧುವಿನ ಗುಳ್ಳೆಯೆದ್ದ ಬೆರಳುಗಳ ಮೇಲಿತ್ತು. ಊಟವಾದ ಮೇಲೆ ನಲ್ಲಿಯ ಹತ್ತಿರ ಅವನನ್ನು ಹಿಡಿದು ನಿಲ್ಲಿಸಿದ.

"ಬೆರಳಿಗೇನಾಯ್ತು?"

"ಎಣ್ಣೆ ಸಿಡೀತು ಸಾ. ಒಸಿ ಉರಿ ಐತೆ."

"ಯಾವಾಗ?"

"ಹೋದ್ವಾರ."

ಹೋದ ವಾರ ಗುಳಿಗೆ ಕೊಳವೆಯಲ್ಲಿ ಸಿಕ್ಕಿಕೊಂಡಿತ್ತು. ಮಧು ಒಬ್ಬನೇ ಒಳಗೆ ಹೋಗಿ ಬಂದು, ಸರಿಹೋಯ್ತು ಸಾ ಎಂದಿದ್ದ. ಹೇಗೆ ಎಂದು ಯೋಗಾನಂದ ಕೇಳಿರಲಿಲ್ಲ.

"ಕೈಯಲ್ಲಿ ಮುಟ್ಟಿದೆಯಾ?"

"ಹೇಳ್ಬ್ಯಾಡಿ ಸಾ. ಹೇಳ್ಬುಟ್ರೆ ಶೆಡ್ಡು ಮುಚ್ಚುಸ್ತಾರೆ. ಎಲ್ರೂ ಬೀದಿಗ್ ಬೀಳ್ತೀವಿ." ಮಧು ತಲೆ ತಗ್ಗಿಸಿದ. "ನೀವೂವೆ."

ಮುಂದೇನಾಗುತ್ತದೆಂದು ಯೋಗಾನಂದನಿಗೆ ಗೊತ್ತಿತ್ತು. ಗುಳ್ಳೆ ಒಡೆಯುತ್ತದೆ, ಬೆರಳು ಕಪ್ಪಾಗುತ್ತದೆ, ಕೊನೆಗೆ ಕತ್ತರಿಸಬೇಕಾಗಬಹುದು. ಬ್ರೆಜಿಲಿನ ಗೊಯಾನಿಯಾದಲ್ಲಿ, ಗುಜರಿ ಯಂತ್ರದೊಳಗಿನ ಹೊಳೆಯುವ ವಿಕಿರಣದ ಪುಡಿಯನ್ನು ಮನೆಗೊಯ್ದು ಸತ್ತವರ ಕತೆಯನ್ನು ಬೆಳಗ್ಗೆ ತಾನೇ ರಸವತ್ತಾಗಿ ಹೇಳಿದ್ದ. ಈಗಿಂದೀಗಲೇ ಇವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಕೇಳುತ್ತಾರೆ: ಬಿಲ್ಲೆ ಎಲ್ಲಿತ್ತು? ನೋಡಿಕೊಳ್ಳಬೇಕಾದವನು ಯಾರು?

ಮಧ್ಯಾಹ್ನದ ಪಾಳಿಯ ಗಂಟೆ ಹೊಡೆಯಿತು. ಮಧು ಪೆಟ್ಟಿಗೆಯತ್ತ ಹೊರಟ.

"ನಿಲ್ಲು," ಎಂದ ಯೋಗಾನಂದ.

ಮಧು ನಿಂತ. ಮುಖದಲ್ಲಿ ಭಯವಿತ್ತು, ಜೊತೆಗೆ ಏನೋ ಆಸೆಯೂ ಇತ್ತು.

ಯೋಗಾನಂದ ಕಪಾಟು ತೆರೆದು ಹೊಸ ಬಿಳಿ ಹತ್ತಿ ಗ್ಲೌಸು ತೆಗೆದ. ಈ ವಿಕಿರಣದ ಎದುರು ಬಟ್ಟೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬುದನ್ನು ಆ ಶೆಡ್ಡಿನಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಗ್ಲೌಸಿನ ಬಾಯಿ ಅಗಲಿಸಿ ಹಿಡಿದು, ಒಂದೊಂದೇ ಬೆರಳನ್ನು ನೋಯದಂತೆ ತೂರಿಸಿದ. ಗುಳ್ಳೆಗಳು ಮರೆಯಾದವು.

"ದೊಡ್ಡೋರು ಸಾ ನೀವು," ಎಂದ ಮಧು. ಅವನ ಕಣ್ಣು ತುಂಬಿತ್ತು.

ಸ್ವಲ್ಪ ಹೊತ್ತಿಗೆ, ಅಪಾಯದ ಗಡಿಗೆ ಕಟ್ಟಿದ ಹಳದಿ ಹಗ್ಗದಾಚೆ ಬಿಳಿಯ ಕೈಯೊಂದು ಮೇಲೆದ್ದಿತು, ಎಲ್ಲ ಸಿದ್ಧ ಎಂಬ ಸನ್ನೆ. ಸುರಕ್ಷಾಧಿಕಾರಿಯ ಅಪ್ಪಣೆಗಾಗಿ ಅದು ಗಾಳಿಯಲ್ಲಿ ಹಾಗೆಯೇ ಕಾಯುತ್ತ ನಿಂತಿತು.