ಪಟ್ಟಿಯಲ್ಲಿಲ್ಲದ ವಿಳಾಸ

ಬೆಳಗಿನ ಎಂಟೂವರೆಗೆ ಕೂತ ಅಕ್ಕ ಹನ್ನೊಂದಾದರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಪರದೆಯ ಮೇಲೆ ಅದೇ ಸಾಲು ಮತ್ತೆ ಮತ್ತೆ ಬೀಳುತ್ತಿತ್ತು. ಉತ್ತರವಿಲ್ಲ. ಉತ್ತರವಿಲ್ಲ. ಉತ್ತರವಿಲ್ಲ.

"ಬಾಯಿಗೇನು ಬೀಗ ಬಿದ್ದಿದೆಯಾ ನಿಂಗೆ?" ಎಂದು ಅಕ್ಕ ಕಂಪ್ಯೂಟರಿಗೆ ಬೈದಳು. ಅದಕ್ಕೂ ಉತ್ತರವಿಲ್ಲ.

ಅದು ಕಣ್ಣು ಕಾಣದ ಮಕ್ಕಳ ಶಾಲೆ. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು ಇವಳೇ. ಲೆಕ್ಕದ ಟೀಚರು ಇವಳ ಸ್ವಂತ ತಂಗಿ. ತಂಗಿ "ಅಕ್ಕಾ" ಎಂದು ಕೂಗುವುದನ್ನು ಕೇಳಿ ಕೇಳಿ ಮಕ್ಕಳು, ಅಡುಗೆಯವರು, ಕೊನೆಗೆ ಇವಳಿಗಿಂತ ಹತ್ತು ವರ್ಷ ದೊಡ್ಡವರಾದ ಹೆಡ್‌ಮಾಸ್ಟರು ಕೂಡ ಅಕ್ಕ ಎಂದೇ ಕರೆಯುತ್ತಿದ್ದರು. ಈಗಂತೂ ಅವಳಿಗೆ ನಿಜವಾದ ಹೆಸರಿದೆ ಅನ್ನುವುದೇ ಯಾರಿಗೂ ನೆನಪಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಲೆಕ್ಕದ ಪರೀಕ್ಷೆ. ಆರು ಜನ ಮಕ್ಕಳು. ಇಷ್ಟು ವರ್ಷ ಪರೀಕ್ಷಾ ಮಂಡಳಿಯವರು ಒಬ್ಬ ಓದುವವರನ್ನು ಕಳಿಸುತ್ತಿದ್ದರು. ಅವರು ಪ್ರಶ್ನೆ ಓದಿ ಹೇಳಬೇಕು, ಮಕ್ಕಳು ಕೇಳಿಸಿಕೊಂಡು ಬರೆಯಬೇಕು. ಹುಟ್ಟಿದಾಗಿನಿಂದ ಕಣ್ಣು ಕಾಣದ ತಂಗಿ ಮೂರು ವರ್ಷ ಮಂಡಳಿಯ ಬಾಗಿಲು ಸವೆಸಿ, ಮಕ್ಕಳು ಪ್ರಶ್ನೆಪತ್ರಿಕೆಯನ್ನು ಬ್ರೈಲಿನಲ್ಲಿ ತಾವೇ ಓದಬಹುದು ಎಂಬ ಆದೇಶ ತಂದಿದ್ದಳು. ಇವತ್ತೇ ಮೊದಲ ಸಲ, ಮಂಡಳಿ ಬೆಳಿಗ್ಗೆ ಕಳಿಸಿದ ಪತ್ರಿಕೆಯನ್ನು ಶಾಲೆಯೇ ಬ್ರೈಲಿನಲ್ಲಿ ಅಚ್ಚು ಹಾಕಿಕೊಳ್ಳಬೇಕು. ಗಂಟೆ ಬಾರಿಸುವಾಗ ಯಾರ ಮೇಜಿನ ಮೇಲೆ ಪತ್ರಿಕೆ ಇರುವುದಿಲ್ಲವೋ ಅವರಿಗೆ ಮತ್ತೆ ಓದುವವರೇ ಗತಿ, ಮತ್ತು ಆ ಶಾಲೆಗೆ ಮುಂದಿನ ವರ್ಷ ಆ ಅನುಕೂಲ ಇಲ್ಲ ಎಂದು ಆದೇಶದ ಕೊನೆಯಲ್ಲಿ ಸಣ್ಣಕ್ಷರದಲ್ಲಿತ್ತು.

ಇದು ತಂಗಿಯ ಹಟ ಎಂದು ಊರೆಲ್ಲ ಅಂದುಕೊಂಡಿತ್ತು. ಅಕ್ಕನಿಗೆ ಮಾತ್ರ ಒಳಗಿನ ಸಂಗತಿ ಗೊತ್ತು. ತಂಗಿ ಹತ್ತನೇ ತರಗತಿಯಲ್ಲಿದ್ದಾಗ ಓದಬೇಕಾದವರು ಬಾರದೆ ಅಕ್ಕನನ್ನೇ ಕೂರಿಸಿದ್ದರು. ಅಕ್ಕ ಗಾಬರಿಯಲ್ಲಿ ಒಂದು ಸಾಲು ಬಿಟ್ಟು ಓದಿದಳು. ತಂಗಿಯ ಒಂದು ವರ್ಷ ಮಣ್ಣುಪಾಲಾಯಿತು. ತಂಗಿ ಇವತ್ತಿನವರೆಗೆ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗಿನ ತೊಡಕು ಇಷ್ಟು. ಬ್ರೈಲಿಗೆ ತಿರುಗಿಸುವ ಪ್ರೋಗ್ರಾಂ ಓಬೀರಾಯನ ಕಾಲದ್ದು. ಹೊಸ ಕಂಪ್ಯೂಟರಿಗೆ ಹಾಕಿದರೆ ಏಳುವುದೇ ಇಲ್ಲ, ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿದೆ. ಅದಕ್ಕೇ ಅಕ್ಕ ಶಾಲೆಯ ಸರ್ವರಿನ ಹೊಟ್ಟೆಯಲ್ಲಿ ಒಂದು ವರ್ಚುವಲ್ ಮೆಷಿನ್ ಮಾಡಿ, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ತೋರಿಕೆಯ ಕಂಪ್ಯೂಟರು ಮಾಡಿ, ಆ ಮುದಿ ಪ್ರೋಗ್ರಾಮನ್ನು ಅದರಲ್ಲಿ ಸಾಕಿಕೊಂಡಿದ್ದಳು. ಹೋದ ಶನಿವಾರ ಶಾಲೆ ನಡೆಸುವ ಸಂಸ್ಥೆಯ ಕೇಂದ್ರ ಕಚೇರಿಯವರು ಶಾಲೆಯ ಸರ್ವರನ್ನೂ ತಮ್ಮ ದೊಡ್ಡ ಯಂತ್ರದೊಳಗೆ ವರ್ಚುವಲ್ ಮಾಡಿ ಹಾಕಿಕೊಂಡರು. ಈಗ ಹೊಟ್ಟೆಯೊಳಗಿನ ಹೊಟ್ಟೆಯಲ್ಲಿ ಪ್ರೋಗ್ರಾಂ. ಬ್ರೈಲ್ ಪ್ರಿಂಟರು ಮಾತ್ರ ಇಲ್ಲೇ, ಅಕ್ಕನ ಮೊಣಕೈ ಪಕ್ಕದ ನಿಜವಾದ ಕಂಪ್ಯೂಟರಿಗೆ ಅಂಟಿಕೊಂಡಿದೆ. ಆ ಪ್ರೋಗ್ರಾಂ ತಾನು ಮಾಡಿದ್ದನ್ನು ಪೆನ್‌ಡ್ರೈವಿಗೂ ಕೊಡುವುದಿಲ್ಲ. ಕೊಟ್ಟರೆ ನೇರವಾಗಿ ಪ್ರಿಂಟರಿಗೇ ಕೊಡಬೇಕು, ಅಷ್ಟು ಸೊಕ್ಕು.

ಒಳಗಿನ ಮೆಷಿನ್ನಿನಿಂದ ಹೊರಗಿನ ಮೆಷಿನ್ನಿಗೆ, ಅಂದರೆ ಶಾಲೆಯ ಸರ್ವರಿಗೆ, 'ಇದ್ದೀಯಾ?' ಎಂದು ಕೇಳುವ ಪಿಂಗ್ ಹೋಗುತ್ತದೆ, ಉತ್ತರ ಬರುತ್ತದೆ. ಹೊರಗಿನ ಮೆಷಿನ್ನಿನಿಂದ ಪಕ್ಕದ ಕಂಪ್ಯೂಟರಿಗೂ ಹೋಗುತ್ತದೆ, ಬರುತ್ತದೆ. ಒಳಗಿನದರಿಂದ ನೇರ ಕಂಪ್ಯೂಟರಿಗೆ ಅಂದರೆ ಮಾತ್ರ ಗಪ್‌ಚುಪ್. ಅಕ್ಕ ಕೇಬಲ್ ಕಿತ್ತು ಹಾಕಿದಳು. ಫೈರ್‌ವಾಲ್ ಎಂಬ ಕಾವಲನ್ನು ಆರಿಸಿದಳು. ವಿಳಾಸ ಬದಲಿಸಿ ನೋಡಿದಳು, ಎಲ್ಲವನ್ನೂ ಒಮ್ಮೆ ಮುಚ್ಚಿ ತೆರೆದಳು. ಮೇಜಿನಡಿ ತೂರಿ ನೆಟ್‌ವರ್ಕ್ ಸ್ವಿಚ್ಚಿನ ದೀಪಗಳನ್ನು ನೋಡಲು ಹೋಗಿ ತಲೆ ಚಚ್ಚಿಕೊಂಡಳು. ದೀಪಗಳು ಹಸಿರಾಗಿ ಮಿಣಮಿಣ ಅನ್ನುತ್ತಿದ್ದವು. ಅವುಗಳಿಗೇನು, ಪರೀಕ್ಷೆಯೇ, ಗಿರೀಕ್ಷೆಯೇ!

ಕೇಂದ್ರ ಕಚೇರಿಯ ಸರ್ವರಿನವನಿಗೆ ಅಷ್ಟರಲ್ಲಿ ನಾಲ್ಕು ಸಲ ಫೋನ್ ಮಾಡಿದ್ದಾಗಿತ್ತು. ನಾಲ್ಕು ಸಲವೂ ಒಂದೇ ರಾಗ.

"ನಮ್ಮ ಕಡೆ ಎಲ್ಲಾ ಸರಿ ಇದೆ ಮೇಡಂ."

"ನಿಮ್ಮ ಕಡೆ ಸರಿ, ನನ್ನ ಕಡೆ ಸರಿ, ಮತ್ತೆ ಮಧ್ಯದಲ್ಲಿ ಯಾರು ಸರ್, ದೆವ್ವನಾ?" ಎಂದು ಅಕ್ಕ ಕೂಗಿ ಫೋನಿಟ್ಟಿದ್ದಳು.

ಹನ್ನೆರಡಕ್ಕೆ ತಂಗಿ ಕೋಲು ಊರಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ಆಯ್ತಾ ಅಕ್ಕಾ?"

"ಆಗಿದ್ರೆ ಸದ್ದು ಕೇಳಿಸ್ತಿರಲಿಲ್ವೇನೇ?" ಎಂದು ಸಿಡುಕಿದ ಅಕ್ಕನಿಗೆ ಮರುಗಳಿಗೆಯಲ್ಲೇ ನಾಚಿಕೆಯಾಯಿತು. ತಂಗಿ ಒಂದು ಸ್ಟೂಲ್ ಹುಡುಕಿ ಕೂತಳು. ಸುಮ್ಮನೆ ಕೂತ ತಂಗಿಯನ್ನು ಸಹಿಸುವುದು ಅಕ್ಕನಿಗೆ ಎಲ್ಲಕ್ಕಿಂತ ಕಷ್ಟ. ಐದನೇ ಸಲ ಫೋನ್ ಮಾಡಿ, ಕೈ ಬಿಡುವಿರಲಿ ಎಂದು ಸ್ಪೀಕರಿಗೆ ಹಾಕಿದಳು.

ಈ ಸಲ ಅವನಿಗೂ ರೇಗಿತ್ತೋ ಏನೋ, ತನ್ನ ದೊಡ್ಡ ಯಂತ್ರದ ದಾಖಲೆ ತೆಗೆದು ನೋಡಿದ. "ಮೇಡಂ, ನಿಮ್ಮ ಒಳಗಿನ ಮೆಷಿನ್ ಕಳಿಸ್ತಿರೋದೆಲ್ಲ ನಮ್ಮ ಬಾಗಿಲಿನ ತನಕ ಬರ್ತಿದೆ. ಬಾಗಿಲಲ್ಲಿ ಎಸೀತಿದೀವಿ. ಅದರ ವಿಳಾಸ ಪಟ್ಟಿಯಲ್ಲಿಲ್ಲ."

"ಎಸೀತಿದೀರಾ! ಬೆಳಿಗ್ಗೆಯಿಂದ ನಾನು ಗಂಟಲು ಹರ್ಕೊಳ್ತಿದೀನಿ, ನೀವು ಎಸೀತಾ ಕೂತಿದೀರಾ? ಯಾವ ಪುಣ್ಯಾತ್ಮ ಮಾಡಿದ ಪಟ್ಟಿ ಅದು?"

ಆ ಕಡೆ ಕಾಗದ ಮಗುಚುವ ಸದ್ದಾಯಿತು. ಆಮೇಲೆ ಅವನು ನಿಧಾನಕ್ಕೆ ಓದಿದ: "'ನಮ್ಮ ಶಾಲೆಯ ಜಾಲದಲ್ಲಿ ಈ ಪಟ್ಟಿಯಲ್ಲಿರುವ ವಿಳಾಸಗಳನ್ನು ಬಿಟ್ಟು ಬೇರೆ ಯಾವುದನ್ನೂ ಬಿಡಕೂಡದು. ಫೋನಿನಲ್ಲಿ ಯಾರು ಹೇಳಿದರೂ, ನಾನೇ ಹೇಳಿದರೂ, ಪಟ್ಟಿ ಬದಲಿಸಕೂಡದು. ಹೊಸದನ್ನು ಸೇರಿಸಬೇಕಾದರೆ ಮೊದಲು ಯಾಕೆ ಸೇರಿಸಿರಲಿಲ್ಲ ಎಂಬ ಕಾರಣವನ್ನು ಬರೆದು ಕಳಿಸಬೇಕು.' ಕೆಳಗೆ ನಿಮ್ಮ ಸಹಿ ಇದೆ ಮೇಡಂ. ಮೂರು ತಿಂಗಳ ಹಿಂದಿಂದು."

ಅಕ್ಕನಿಗೆ ಥಟ್ಟನೆ ನೆನಪಾಯಿತು. ಹೌದು, ಆಫೀಸಿನ ಗುಮಾಸ್ತ ಮನೆಯ ಲ್ಯಾಪ್‌ಟಾಪ್ ತಂದು ಚುಚ್ಚಿ ಇಡೀ ಶಾಲೆಯ ನೆಟ್‌ವರ್ಕ್ ಮಲಗಿಸಿದ ದಿನ ಸಿಟ್ಟಿನಲ್ಲಿ ಬರೆದ ಕಾಗದ ಅದು. ಶಾಲೆಯ ಎಲ್ಲ ಯಂತ್ರಗಳ ವಿಳಾಸ ಬರೆದಿದ್ದಳು. ಹೊಟ್ಟೆಯೊಳಗಿನದು ನೆನಪಿಗೇ ಬಂದಿರಲಿಲ್ಲ. ಆಗ ಅದು ಮನೆಯೊಳಗಿತ್ತು, ಬಾಗಿಲು ದಾಟುವ ಪ್ರಸಂಗವೇ ಇರಲಿಲ್ಲ. ಶನಿವಾರದಿಂದ ಅದು ಹೊರಗಿನಿಂದ ಬಾಗಿಲು ಬಡಿಯುತ್ತಿದೆ. ಮಾಡಿದ್ದುಣ್ಣೋ ಮಹಾರಾಯ!

ಅಲ್ಲಿಗೆ ಸುಮ್ಮನಾಗಿದ್ದರೆ ಅವಳು ಅಕ್ಕ ಹೇಗಾದಾಳು? "ತುರ್ತು ಅಗತ್ಯ" ಎಂದು ಕಾರಣ ಬರೆದು ಕಳಿಸಿದಳು. ಅವನು ಒಪ್ಪಲಿಲ್ಲ. "ಯಂತ್ರವನ್ನು ಸ್ಥಳಾಂತರಿಸಿದ್ದರಿಂದ" ಎಂದು ಬರೆದಳು. "ಅದು ಈಗಿನ ಕಾರಣ ಮೇಡಂ, ಆಗ ಯಾಕೆ ಬರೀಲಿಲ್ಲ ಅನ್ನೋದು ಬೇಕು, ನಿಮ್ಮದೇ ನಿಯಮ," ಎಂದ. ಮಕ್ಕಳ ಪರೀಕ್ಷೆ ಎಂದು ಗೋಗರೆದಳು. ಮೇಲಿನವರಿಗೆ ಹೇಳುತ್ತೇನೆ ಎಂದು ಹೆದರಿಸಿದಳು. ಅವನೂ ಬಿಡಲಿಲ್ಲ, ಇವಳೂ ಬಿಡಲಿಲ್ಲ.

"ಅಕ್ಕಾ," ಎಂದಳು ತಂಗಿ ಸ್ಟೂಲಿನಿಂದ. "ಮರೆತೆ ಅಂತ ಬರಿ."

ಅಕ್ಕನ ಕಣ್ಣು ತುಂಬಿ ಬಂತು. ಅದೊಂದು ಪದ ಬರೆಯಲು ಇಷ್ಟು ಹೊತ್ತು ಬೇಕಾಯಿತಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. "ನಾನು ಮರೆತೆ. ತಪ್ಪು ನನ್ನದು," ಎಂದು ಬರೆದು ಕಳಿಸಿದಳು. ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ಉತ್ತರ ಬಿತ್ತು. ಪ್ರಿಂಟರು ಗುಡುಗಿ ಎದ್ದಿತು. ಕಾಗದದ ಮೇಲೆ ಚುಕ್ಕಿ ಗುದ್ದುವ ಆ ಸದ್ದಿಗೆ ಕಿಟಕಿಯ ಗಾಜೆಲ್ಲ ಅದುರಿತು.

"ಈಗೆಷ್ಟು ಗಂಟೆ?" ಎಂದು ತಂಗಿ ಕೇಳಿದಳು.

"ಹನ್ನೆರಡು ಇಪ್ಪತ್ತೇಳು."

"ಪುಟಕ್ಕೆ ಮೂರು ನಿಮಿಷ. ಆರು ಪುಟ, ಆರು ಮಕ್ಕಳು, ನೂರೆಂಟು ನಿಮಿಷ. ನಮ್ಮ ಹತ್ರ ಇರೋದು ತೊಂಬತ್ಮೂರು." ಲೆಕ್ಕ ಅವಳ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಕಮ್ಮಿ ಬಿದ್ದದ್ದು ಹದಿನೈದು ನಿಮಿಷ. ಸರ್ವರಿನವನ ಜೊತೆ ಜಗಳಕ್ಕೆ ಹಿಡಿದದ್ದೂ ಸರಿಯಾಗಿ ಅಷ್ಟೇ. ತಂಗಿ ಅದನ್ನೂ ಹೇಳಲಿಲ್ಲ.

ಎರಡು ಗಂಟೆಗೆ ಐದು ಮಕ್ಕಳ ಮೇಜಿನ ಮೇಲೆ ಪತ್ರಿಕೆ ಇತ್ತು. ಆರನೆಯವಳ ಮುಂದೆ ಇದ್ದದ್ದು ಒಂದೇ ಹಾಳೆ. ಎಲ್ಲದಕ್ಕೂ ವಾದ ಹೂಡುವ ಆ ಹುಡುಗಿಯನ್ನು ಶಾಲೆಯಲ್ಲಿ 'ಲಾಯರಮ್ಮ' ಎನ್ನುತ್ತಿದ್ದರು. ಮಂಡಳಿಯ ಮೇಲ್ವಿಚಾರಕರು ಗಡಿಯಾರ ನೋಡಿ, ಬೆಂಚಿನಲ್ಲಿ ತೂಕಡಿಸುತ್ತಿದ್ದ ಓದುವವರಿಗೆ ಕೈಸನ್ನೆ ಮಾಡಿದರು.

"ಒಂದು ನಿಮಿಷ ಸಾರ್," ಎಂದಳು ಲಾಯರಮ್ಮ. "ಆದೇಶದಲ್ಲಿ ಪತ್ರಿಕೆ ಮೇಜಿನ ಮೇಲಿರಬೇಕು ಅಂತಿದೆ, ಅಷ್ಟೂ ಪುಟ ಒಟ್ಟಿಗೇ ಇರಬೇಕು ಅಂತಿದೆಯಾ? ಒಟ್ಟಿಗೇ ಕೊಟ್ರೂ ನಾನೇನು ಆರು ಪುಟ ಒಂದೇ ಸಲಕ್ಕೆ ಓದ್ತೀನಾ? ನಂಗಿರೋದು ಎರಡೇ ಕೈ."

ಮೇಲ್ವಿಚಾರಕರು ಆದೇಶವನ್ನು ಎರಡು ಸಲ ಓದಿದರು. ಅದರಲ್ಲಿ ಹಾಗೆ ಇರಲಿಲ್ಲ. ಓದುವವರು ಮತ್ತೆ ಬೆಂಚಿನ ಮೇಲೆ ಕೂತರು.

ಅಕ್ಕ ಎರಡನೇ ಪುಟ ಹಿಡಿದುಕೊಂಡು ಹೊಗೆಬಂಡಿಯ ಹಾಗೆ ಓಡಿಬಂದು ಬಾಗಿಲಲ್ಲಿ ತಂಗಿಯ ಕೈಗೆ ಕೊಟ್ಟಳು. ತಿರುಗಿ ಓಡಿ ಮೂರನೆಯದನ್ನು ತಂದಳು. ಸೀರೆ ಕಾಲಿಗೆ ತೊಡರಿತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ತಗೋ, ತಗೋ, ಬೇಗ ಕೊಡೇ," ಎಂದು ಬಾಗಿಲಲ್ಲಿ ಏದುಸಿರು ಬಿಟ್ಟಳು.

"ಅಕ್ಕಾ," ಎಂದು ಒಳಗಿನಿಂದ ಲಾಯರಮ್ಮ ಹಾಳೆಯಿಂದ ಬೆರಳು ತೆಗೆಯದೆ ಹೇಳಿದಳು, "ಓಡಬೇಡಿ. ನಾನಿನ್ನೂ ಎರಡನೇ ಲೆಕ್ಕದಲ್ಲೇ ಇದೀನಿ."

ತಂಗಿ ಬಾಗಿಲ ಬಳಿ ನಿಂತವಳು ಅಕ್ಕನ ಕೈ ಹಿಡಿದು, ಅಲ್ಲೇ ಗೋಡೆಯ ಪಕ್ಕ ಕೂರಿಸಿ, ನಾಲ್ಕನೆಯ ಪುಟ ತರಲು ತಾನೇ ಕೋಲು ಊರಿಕೊಂಡು ಹೋದಳು.