ಹೆಸರಿನೊಳಗಿನ ಕೋಳಿಮರಿ

ನಮ್ಮತ್ತೆ ವೇದಾವತಿಯವರು ಗಂಡನ ಹೆಸರನ್ನು ಬಾಯಲ್ಲಿ ಹೇಳಿದವರಲ್ಲ. ಹೇಳಿದರೆ ಗಂಡನ ಆಯುಸ್ಸು ಕಮ್ಮಿಯಾಗುತ್ತದೆ ಅಂತ ಅವರ ತಾಯಿ ಹೇಳಿಕೊಟ್ಟಿದ್ದರಂತೆ. ಹೆಸರು ಹೋಗಲಿ, ಆ ಹೆಸರಿನಲ್ಲಿರುವ ಊರನ್ನೂ ಹೇಳರು. ಮಾವನ ಜೊತೆ ದ್ವಾರಕೆಗೆ ಯಾತ್ರೆ ಹೋಗಿ ಬಂದವರು ಮೈಸೂರಿನಲ್ಲಿ ಬೀದಿ ತುಂಬ "ಗುಜರಾತಿಗೆ ಹೋಗಿದ್ವಿ" ಎಂದು ಪ್ರಸಾದ ಹಂಚಿದರು. ಅವರ ಫೋನಿನಲ್ಲಿ ಮಾವನ ನಂಬರು "ಮನೆಯವರು" ಅಂತ ಇತ್ತು. ನಾನೋ, ಬೆಳಗಾದರೆ "ಅವಿನಾಶ್, ಒದ್ದೆ ಟವೆಲ್ ಮತ್ತೆ ಹಾಸಿಗೆ ಮೇಲೆ!" ಎಂದು ಗಂಡನ ಹೆಸರನ್ನು ಸಿಂಗಪುರದ ಸೆರಂಗೂನಿನ ಈ ಬ್ಲಾಕಿಗೆಲ್ಲ ಕೇಳುವ ಹಾಗೆ ಕೂಗುವವಳು. ಅವನ ಆಯುಸ್ಸಿಗೆ ಏನೂ ಆಗಿಲ್ಲ, ತೂಕ ಹೆಚ್ಚಾಗಿದೆ ಅಷ್ಟೆ.

ಮಾವ ದ್ವಾರಕನಾಥ್ ಹೋದ ವರ್ಷ ತೀರಿಕೊಂಡರು. ಅತ್ತೆ ಅಷ್ಟು ನಿಷ್ಠೆಯಿಂದ ಬಾಯಿ ಮುಚ್ಚಿಕೊಂಡಿದ್ದರೂ ತೀರಿಕೊಂಡರು. ಅವಿನಾಶ್ ಅಮ್ಮನನ್ನು ಸಿಂಗಪುರಕ್ಕೆ ಕರೆದುಕೊಂಡು ಬಂದ. ಬಂದವರು ಅತ್ತಿದ್ದನ್ನು ನಾನು ನೋಡಲಿಲ್ಲ. ಸೊಪ್ಪು ಬಿಡಿಸುವುದು, ದೇವರಿಗೆ ದೀಪ, ಸೀರಿಯಲ್ಲು, ನಿದ್ದೆ. ಗಟ್ಟಿ ಹೆಂಗಸು ಅಂದುಕೊಂಡಿದ್ದೆ.

ಜೂನ್ ರಜೆಯಲ್ಲಿ ಮಗಳು ನಿಶ್ಚಿತಾ ಮ್ಯೂಸಿಯಂಗೆ ಹೋಗಲೇಬೇಕೆಂದು ಹಟ ಹಿಡಿದಳು. ಈಜಿಪ್ಟಿನ ಪ್ರದರ್ಶನ, ಮಮ್ಮಿಗಳು ಬಂದಿವೆಯಂತೆ. ಅತ್ತೆಯನ್ನೂ ಎಂಆರ್‌ಟಿ ರೈಲು ಹತ್ತಿಸಿದೆ. ಹೆಣ ನೋಡಲು ಟಿಕೆಟ್ ತೆಗೆಯುವುದು ಅವರಿಗೆ ಸ್ವಲ್ಪವೂ ಸರಿಬರಲಿಲ್ಲ. "ಬಂದ ಮೇಲೆ ಸ್ನಾನ ಮಾಡ್ಬೇಕು ಕಣೆ," ಅಂತ ದಾರಿಯುದ್ದಕ್ಕೂ ಅಂದರು.

ಅಲ್ಲಿ ಒಂದು ಕಲ್ಲಿನ ಮುಂದೆ ಗೈಡ್ ಹುಡುಗಿ ನಿಂತು ವಿವರಿಸುತ್ತಿದ್ದಳು. ಕಲ್ಲಿನ ತುಂಬ ಹಕ್ಕಿ, ಹಾವು, ಕಣ್ಣು, ಕೈ. ಇವು ಬರೀ ಚಿತ್ರವಲ್ಲ, ಅಕ್ಷರ. ಆ ಜನ ಇದನ್ನು ದೇವರ ಮಾತು ಅಂತ ಕರೆಯುತ್ತಿದ್ದರು ಎಂದಳು. ಸತ್ತವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರಂತೆ. ದಾರಿಯಲ್ಲಿ ಹೋಗುವವರೇ, ನನ್ನ ಹೆಸರು ಓದಿ, ನಿಮಗೆ ಒಂದು ಉಸಿರಿನ ಖರ್ಚು, ನನಗೆ ರೊಟ್ಟಿ, ಬಿಯರು ಸಿಗುತ್ತದೆ ಅಂತ ಬರೆಸುತ್ತಿದ್ದರಂತೆ. ಹೆಸರು ಹೇಳುವವರು ಇರುವ ತನಕ ಅವನು ಬದುಕಿರುತ್ತಾನೆ. ಯಾರೂ ಹೇಳದಿದ್ದರೆ ಅಥವಾ ಹೆಸರನ್ನು ಉಳಿಯಿಂದ ಕೆತ್ತಿ ಅಳಿಸಿದರೆ ಎರಡನೇ ಸಾವು.

ನಿಶ್ಚಿತಾ ಇದನ್ನು ಅಜ್ಜಿಗೆ, ಕೊನೆಗೆ ಸಿಂಗಪುರದ "ಲಾ" ಸೇರಿಸಿದ ತನ್ನ ಕನ್ನಡದಲ್ಲಿ ಹೇಳಿದಳು. "ಅಜ್ಜೀ, ಫಸ್ಟ್ ಟೈಮ್ ಸತ್ರೆ ಓಕೆ. ನೇಮ್ ಯಾರೂ ಹೇಳ್ಲಿಲ್ಲ ಅಂದ್ರೆ ಸೆಕೆಂಡ್ ಟೈಮ್ ಡೆಡ್. ಪೂರ್ತಿ ಫಿನಿಶ್ಡ್ ಲಾ."

"ಬಿಯರ್ ಬೇಡಪ್ಪ ಅವರಿಗೆ," ಎಂದರು ಅತ್ತೆ. ಆಮೇಲೆ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು. ಕಾಲು ನೋವೇನೋ ಅಂದುಕೊಂಡು ನೀರು ಕೊಟ್ಟೆ. ಕುಡಿಯಲಿಲ್ಲ.

"ಜೀವಮಾನ ಪೂರ್ತಿ ಹೇಳದೇನೇ ಕಾಪಾಡಿದೆ ಕಣೆ ಮೈಥಿಲಿ. ಈಗ ಹೇಳದೇನೇ ಕೊಲ್ತಾ ಇದೀನಾ?"

ನನಗೆ ನಗು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅತ್ತೆ ನಿಜವಾಗಿಯೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. "ಅತ್ತೆ, ಅದು ಅವರ ಶಾಸ್ತ್ರ, ನಮ್ದಲ್ಲ," ಎಂದೆ. "ಅಷ್ಟು ಭಯ ಆದ್ರೆ ಒಂದ್ಸಲ ಹೇಳ್ಬಿಡಿ, ಮುಗೀತು." ಅವರು ಬಾಯಿ ತೆರೆದರು. ತುಟಿ ಅಲುಗಿತು, ಸದ್ದು ಬರಲಿಲ್ಲ. "ನಾಲಿಗೆ ಏಳಲ್ಲ ಕಣೆ," ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

ಹೊರಗೆ ಮಕ್ಕಳಿಗೆಂದು ಒಂದು ಮೇಜು ಹಾಕಿದ್ದರು. ನಮ್ಮ ಹೆಸರು ಹೇಳಿದರೆ ಆ ಲಿಪಿಯಲ್ಲಿ ಬರೆದುಕೊಡುತ್ತಾರೆ. ಸಾಲಿನಲ್ಲಿ ಎಲ್ಲರೂ ಪುಟಾಣಿಗಳು, ಅವರ ನಡುವೆ ನಮ್ಮತ್ತೆ ಹೋಗಿ ನಿಂತರು. ಸರದಿ ಬಂತು. ಬರೆಯುವ ಹುಡುಗ "ನೇಮ್, ಆಂಟಿ?" ಎಂದ. ಸದ್ದು ಕೇಳದೆ ಬರೆಯುವಂತಿಲ್ಲ, ಅವರ ಅಕ್ಷರ ಸದ್ದಿಗೆ ತಾನೆ.

"ಕೃಷ್ಣ ಇದ್ದ ಊರು," ಎಂದರು ಅತ್ತೆ. "ಗುಜರಾತ್. ಸಮುದ್ರ. ಆ ಊರಿನ ಒಡೆಯರು."

ಹುಡುಗ ಪೆನ್ನು ಹಿಡಿದು ಕಾದ. ನಿಶ್ಚಿತಾಳನ್ನು ನೋಡಿದೆ. "ತಾತನ ಹೆಸರು ಹೇಳು ಪುಟ್ಟಿ." ಅವಳು ಯೋಚಿಸಿದಳು. "ತಾತ," ಎಂದಳು. ಇನ್ನೂ ಯೋಚಿಸಿ, "ಮೈಸೂರು ತಾತ."

ನನಗೆ ತಲೆ ಕೆಟ್ಟುಹೋಯಿತು. ಮನೆಯಲ್ಲಿ ಫೇರೋ ದೊರೆ ತರಹ ದರ್ಬಾರು ನಡೆಸಿದ ಮನುಷ್ಯ, ಕಾಫಿ ಲೋಟ ಒಂದು ಅಂಗುಲ ಅತ್ತಿತ್ತ ಇಟ್ಟರೆ ಬೈಯುತ್ತಿದ್ದವರು, ಮೊಮ್ಮಗಳಿಗೆ ಅವರ ಹೆಸರೇ ಗೊತ್ತಿಲ್ಲ. "ದ್ವಾರಕನಾಥ್!" ಎಂದೆ, ಸಾಲಿನಲ್ಲಿದ್ದ ಮಕ್ಕಳೆಲ್ಲ ತಿರುಗಿ ನೋಡುವ ಹಾಗೆ.

ಮಾವನ ಹೆಸರು ಸೊಸೆ ಹೇಳುವುದೇ ಅಂತ ಅತ್ತೆ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕಣ್ಣು ಮುಚ್ಚಿ ನಿಂತಿದ್ದರು. ಹುಡುಗ ಒಂದೊಂದೇ ಸದ್ದು ಒಡೆದು ಹೇಳುತ್ತ ಬರೆದ: ಕೈ, ಕೋಳಿಮರಿಯಂಥ ಹಕ್ಕಿ, ಬಾಯಿ, ಬುಟ್ಟಿ, ನೀರಿನ ಅಲೆ, ರೊಟ್ಟಿ. ಕೊನೆಗೆ, ಇದು ಗಂಡಸಿನ ಹೆಸರು ಎನ್ನುವ ಗುರುತಿಗೆ, ಕೂತಿರುವ ಒಬ್ಬ ಗಂಡಸು. ಸುತ್ತಲೂ ಹಗ್ಗದ ಬಳೆಯೊಂದನ್ನು ಎಳೆದು, ಇದು ರಾಜರ ಹೆಸರಿಗೆ ಮಾತ್ರ ಇದ್ದ ಕಾವಲು ಎಂದ.

"ಕೋಳಿ ಯಾಕೋ?" ಎಂದರು ಅತ್ತೆ ಗಾಬರಿಯಿಂದ. "ಅವರು ಮೊಟ್ಟೆ ಹಾಕಿದ ಕೇಕೂ ಮುಟ್ತಿರ್ಲಿಲ್ಲ."

ಆದರೂ ಅದಕ್ಕೆ ಚೌಕಟ್ಟು ಹಾಕಿಸಿ ಬಾಗಿಲ ಹೊರಗೆ, ಕಾರಿಡಾರಿನಲ್ಲಿ ಹೋಗುವವರ ಕಣ್ಣಿಗೆ ಬೀಳುವ ಹಾಗೆ ತಗಲುಹಾಕಿಸಿದರು. ಅಲ್ಲಿಂದ ಶುರುವಾಯಿತು ನೋಡಿ. ಹೊರಗೆ ಹೆಜ್ಜೆ ಸದ್ದಾದರೆ ಸೀರಿಯಲ್ ಬಿಟ್ಟು ಬಾಗಿಲಿಗೆ ಬರುವರು. ಯಾರಾದರೂ ನಿಂತು ನೋಡಿದರೆ ಮುಖ ಅರಳಿಸಿಕೊಂಡು ಕಾಯುವರು. ಎದುರು ಮನೆಯ ಚೀನೀ ಆಂಟಿ ಬೆರಳಿಟ್ಟು ನೋಡಿ, "ಚಿಕನ್, ಬ್ರೆಡ್, ಬಾಸ್ಕೆಟ್... ಹೋಮ್ ಬಿಸಿನೆಸ್ ಆ?" ಎಂದು ರೇಟು ಕೇಳಿದರು. ಅವಿನಾಶನ ಗೆಳೆಯ ಕಿಟ್ಟಿ ಒಳಗೆ ಬಂದವನೇ, "ಆಂಟಿ, ವಾಸ್ತು ಯಂತ್ರ ಅಲ್ವಾ? ದೃಷ್ಟಿ ತಾಗಲ್ಲ ಅಂತಾರೆ. ಎಲ್ಲಿ ಸಿಗುತ್ತೆ?" ಎಂದ. ಕೈ ಮುಗಿದೂ ಹೋದ.

ಪ್ರತಿ ಸಲವೂ ಅತ್ತೆ ಒಳಗೆ ಬಂದು ನನ್ನನ್ನು ಕೇಳುವರು, "ಓದಿದ್ರಾ?"

"ಇಲ್ಲ ಅತ್ತೆ. ಆ ಲಿಪಿ ಓದೋರು ಹೋಗಿ ಎಷ್ಟೋ ಕಾಲ ಆಯ್ತು."

ದಿನೇ ದಿನೇ ಅವರ ಊಟ ಕಡಿಮೆಯಾಯಿತು. ಸೊಪ್ಪು ಬಿಡಿಸುತ್ತ ಕೂತವರು ಕೈ ನಿಲ್ಲಿಸಿಬಿಡುವರು.

ಅವಿನಾಶನಿಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. "ಅಪ್ಪನಿಗೂ ಈಜಿಪ್ಟಿಗೂ ಏನೇ ಸಂಬಂಧ? ಎಲ್ರೂ ಕೇಳ್ತಾರೆ, ಎಂಬ್ಯಾರಸಿಂಗ್. ಬೇಕಿದ್ರೆ ಕನ್ನಡದಲ್ಲಿ ಪ್ರಿಂಟ್ ಮಾಡಿಸೋಣ."

"ಮಾಡಿಸು! ಓದೋರು ಯಾರು? ಈ ಫ್ಲೋರಲ್ಲಿ ಕನ್ನಡ ಬರೋದು ನಮಗೆ ಮಾತ್ರ. ನೀನು ಅಪ್ಪ ಅಂತೀಯ, ನಾನು ಮಾವ ಅಂತೀನಿ, ನಿನ್ ಮಗಳು ಮೈಸೂರು ತಾತ ಅಂತಾಳೆ, ನಿಮ್ಮಮ್ಮ ಅವರು ಅಂತಾರೆ. ನಾನು ಮ್ಯೂಸಿಯಂನಲ್ಲಿ ಕೂಗಿದ್ದು ಬಿಟ್ರೆ ಕಡೇ ಸಲ ಆ ಹೆಸರು ಹೇಳಿದ್ದು ಯಾರು ಗೊತ್ತಾ? ಸ್ಮಶಾನದಲ್ಲಿ ಪುರೋಹಿತರು!"

ಅವನು ಲ್ಯಾಪ್‌ಟಾಪ್ ತೆರೆದ. ಜಗಳದಿಂದ ತಪ್ಪಿಸಿಕೊಳ್ಳುವುದು ಅವನಿಗೆ ಹೀಗೇ ಅಭ್ಯಾಸ.

ಆ ಸಿಟ್ಟಿನಲ್ಲೇ ಫೋನ್ ತೆಗೆದು ಡೆಲಿವರಿ ಆ್ಯಪಿನಲ್ಲಿ ನನ್ನ ಹೆಸರು ಅಳಿಸಿ ದ್ವಾರಕನಾಥ್ ಅಂತ ಹಾಕಿದೆ. ಒಂದು ಕಟ್ಟು ಕೊತ್ತಂಬರಿ ತರಿಸಿದೆ. ಬಂದವನು ಚೀಲವನ್ನು ಬಾಗಿಲಲ್ಲಿಟ್ಟು, ಫೋಟೋ ತೆಗೆದು, ಮೂಕನ ಹಾಗೆ ಹೋದ. ಮಾರನೆಯ ದಿನ ಹುಣಸೆಹಣ್ಣು. ಅವನೂ ಅಷ್ಟೆ. ಈ ಊರಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಏನು ಮಾಡೋಣ! ಅದರ ಮಾರನೆಯ ದಿನ ಮತ್ತೆ ಕೊತ್ತಂಬರಿ ತರಿಸಿ, ಸೂಚನೆಯ ಜಾಗದಲ್ಲಿ ಬರೆದೆ: ಮನೆಯಲ್ಲಿ ವಯಸ್ಸಾದವರಿದ್ದಾರೆ, ಕಿವಿ ಕೇಳಿಸುವುದಿಲ್ಲ, ದಯವಿಟ್ಟು ಬಾಗಿಲಲ್ಲಿ ನಿಂತು ಹೆಸರನ್ನು ಜೋರಾಗಿ ಕೂಗಿ. ಅತ್ತೆಯ ಕಿವಿ ಪಕ್ಕದ ಬ್ಲಾಕಿನ ಕುಕ್ಕರ್ ಸೀಟಿ ಎಣಿಸುವಷ್ಟು ಚುರುಕು. ಪಾಪ ಬಂದರೆ ಬರಲಿ ಅಂದುಕೊಂಡೆ.

ನಾನು ಅಡುಗೆಮನೆಯಲ್ಲಿ ಒಗ್ಗರಣೆಗೆ ನಿಂತಿದ್ದಾಗ ಕಾರಿಡಾರಿನಿಂದ ಗಂಡು ದನಿ ಬಂತು.

"ದುವಾರಾಕಾ... ನಾತ್!"

ಸೋಫಾದ ಮೇಲಿದ್ದ ಅತ್ತೆ ಎದ್ದು ನಿಂತರು. ಎರಡು ಕೈಯಲ್ಲೂ ಕೂದಲು ಒತ್ತಿಕೊಂಡು ಹೋಗಿ ಬಾಗಿಲು ತೆರೆದರು. ಹೊರಗೆ ಹಸಿರು ಜಾಕೆಟ್ಟಿನ ಒಬ್ಬ ಅಂಕಲ್, ಕೈಯಲ್ಲಿ ಚೀಲ.

"ಯಾರು?" ಎಂದರು ಅತ್ತೆ, ಕಿವಿಗೆ ಕೈ ಹಿಡಿದು.

"ದುವಾರಾಕಾನಾತ್!"

"ಯಾರೂ?"

ಅಯ್ಯೋ ದೇವರೇ, ನನ್ನ ಅತ್ತೆ! ಅಂಕಲ್ ಪಾಪ ಎದೆ ತುಂಬ ಉಸಿರೆಳೆದುಕೊಂಡು ಕೂಗಿದ. ಎದುರು ಮನೆಯ ಬಾಗಿಲು ತೆರೆಯಿತು. ಚೀನೀ ಆಂಟಿ ಸಹಾಯಕ್ಕೆ ಬಂದು, "ಆಂಟಿ! ಹೀ ಸೇ ದ್ವಾರ್ಕನಾತ್ ಲಾ, ದ್ವಾರ್ಕನಾತ್!" ಎಂದು ತಾವೂ ಕೂಗಿದರು. ಓಡಿ ಬಂದ ನಿಶ್ಚಿತಾ ನನ್ನ ಪಕ್ಕ ನಿಂತು ಆ ಹೆಸರನ್ನು ಮೆಲ್ಲಗೆ ಹೇಳಿ ನೋಡಿದಳು. ನನ್ನ ಸಾಸಿವೆ ಸೀದು ಕರಕಲಾಯಿತು. ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ, ನಾಚಿಕೆ ಏನಿಲ್ಲ.

ಕೂಗಿ ಕೂಗಿ ಸುಸ್ತಾದ ಅಂಕಲ್ ಚೀಲವನ್ನು ಕೈ ಬದಲಾಯಿಸಿ, ಇದ್ದಾರೋ ಇಲ್ಲವೋ ಎಂದು ಈ ಊರಿನ ಇಂಗ್ಲಿಷಿನಲ್ಲಿ ಬೇಸರದಿಂದ ಕೇಳಿದ. "ದುವಾರಾಕಾನಾತ್ ಗಾಟ್ ಆರ್ ನಾಟ್?"

ಅತ್ತೆ ಸೆರಗು ಹೊದ್ದುಕೊಂಡು ನೆಟ್ಟಗೆ ನಿಂತರು.

"ಇದ್ದಾರೆ," ಎಂದರು. ಅವನಿಗೆ ತಿಳಿಯಲಿಲ್ಲವೆಂದು ಇಂಗ್ಲಿಷಿನಲ್ಲೂ ಹೇಳಿದರು. "ಇನ್‌ಸೈಡ್."